ಅವ್ವ ಪಾಸಾದ ವರ್ಷ

ನಾನು ಇಂಟರ್‌ಮೀಡಿಯಟ್ ಎರಡನೆಯ ವರ್ಷದ, ಅಂದರೆ ಹನ್ನೆರಡನೆಯ ತರಗತಿಯ, ಪರೀಕ್ಷೆ ಬರೆದ ವರ್ಷವೇ ನಮ್ಮವ್ವ ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಳು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಓದುವಷ್ಟು ಬೆಳಕು ಬೀಳುತ್ತಿದ್ದದ್ದು ಕಿಟಕಿಯ ಬದಿಗೆ ಮಾತ್ರ. ಅಲ್ಲಿಯೇ ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ನನ್ನ ಮುಂದೆ ಇಂಗ್ಲಿಷಿನ ದಪ್ಪ ಪುಸ್ತಕಗಳು. ಅವ್ವನ ಮುಂದೆ ಕೋಠಿಯ ಫುಟ್‌ಪಾತಿನಲ್ಲಿ ಹುಡುಕಿ ತಂದ ಕನ್ನಡ ಮಾಧ್ಯಮದ ಹಳೆಯ ಪುಸ್ತಕಗಳು. ಅವುಗಳಲ್ಲಿದ್ದ ರಾಜರಿಗೂ ವಿಜ್ಞಾನಿಗಳಿಗೂ ಯಾರೋ ಪೆನ್ನಿನಿಂದ ಕನ್ನಡಕ ಹಾಕಿಟ್ಟಿದ್ದರು.

ಅಪ್ಪ ಅಬಿಡ್ಸಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಕಾಮಾಲೆಯಾಗಿ ತೀರಿಹೋದರು. ಅದೇ ಕಚೇರಿಯಲ್ಲಿ ಅವ್ವನಿಗೆ ಕೆಲಸ ಕೊಟ್ಟರು. ಆದರೆ ಅವಳು ಮದುವೆಗೆ ಮುಂಚೆ ರಾಯಚೂರು ಕಡೆಯ ನಮ್ಮೂರಿನ ಶಾಲೆಯಲ್ಲಿ ಓದಿದ್ದು ಒಂಬತ್ತನೆಯವರೆಗೆ. ಹಾಗಾಗಿ ಅಪ್ಪ ಕುರ್ಚಿಯಲ್ಲಿ ಕೂರುತ್ತಿದ್ದ ಹಾಲಿನಲ್ಲಿ ಅವ್ವ ಅಟೆಂಡರ್ ಆದಳು. ಭಾನುವಾರ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಮಾಡಿ ಹೋಗುತ್ತಿದ್ದ ಅಪ್ಪನ ಗೆಳೆಯರಿಗೆ ಅವಳು ಈಗ ನೀರಿನ ಗ್ಲಾಸು ಒಯ್ದುಕೊಡಬೇಕಾಗಿತ್ತು. ಅವರಲ್ಲೊಬ್ಬರಿಗೆ ಎಷ್ಟು ಸಂಕೋಚವಾಗುತ್ತಿತ್ತೆಂದರೆ ತಾವೇ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದರಂತೆ. ಇನ್ನೊಬ್ಬರು ಮೊದಲಿನಂತೆಯೇ ‘ವದಿನಾ’ ಎಂದು ಅತ್ತಿಗೆಯ ವರಸೆಯಲ್ಲಿ ಕರೆದು, ಅದೇ ದನಿಯಲ್ಲಿ ಫೈಲು ತರಲು ಹೇಳುತ್ತಿದ್ದರಂತೆ. ಅವ್ವ ಇದನ್ನೆಲ್ಲ ಅಕ್ಕಿ ಆರಿಸುತ್ತ ಹೇಳುತ್ತಿದ್ದಳು, ಬೇರೆ ಯಾರದೋ ಸಂಗತಿ ಹೇಳುವಂತೆ.

ಆಮೇಲೆ ಕಚೇರಿಗೆ ಕಂಪ್ಯೂಟರುಗಳು ಬಂದವು. ಅವಕ್ಕೊಂದು ಬೇರೆ ಕೋಣೆ, ಕಿಟಕಿಗೆ ಪರದೆ, ಎಸಿ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಹತ್ತನೆಯ ತರಗತಿ ಪಾಸಾಗಿ ಟೈಪಿಂಗ್ ಕಲಿತ ಅಟೆಂಡರುಗಳಿಗೆ ಮುಂದೆ ಬಡ್ತಿ ಸಿಗಬಹುದು ಎಂದು ಸಾಹೇಬರು ಯಾರಿಗೋ ಹೇಳಿದ್ದು ಅವ್ವನ ಕಿವಿಗೆ ಬಿತ್ತು. ಅಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ಹತ್ತನೇ ಕ್ಲಾಸಿನ ಗಣಿತ ಭಾಳ ಕಠಿಣ ಐತೇನು?”

“ಯಾರಿಗೆ?”

“ನನಗ.”

ನನ್ನ ಭವಿಷ್ಯವನ್ನು ಮಾಮಾ ಆಗಲೇ ತೀರ್ಮಾನಿಸಿದ್ದ. ಮಾಮಾ ಎಂದರೆ ಅವ್ವನ ತಮ್ಮ. ಅಮೀರ್‌ಪೇಟೆಯ ಒಂದು ಕಂಪ್ಯೂಟರ್ ತರಬೇತಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ. ಬಂದವರಿಗೆ ಯಾವ ಕೋರ್ಸು ಸೇರಬೇಕೆಂದು ಹೇಳುವುದೇ ಅವನ ಕೆಲಸ. ಆಗ ಆ ರಸ್ತೆಯಲ್ಲಿ ಆಕಾಶ ಕಾಣದಷ್ಟು ಬೋರ್ಡುಗಳು. ಎಲ್ಲಿ ನೋಡಿದರೂ ಜಾವಾ, ಒರ್ಯಾಕಲ್. ಬಿಳಿ ಅಂಗಿ ತೊಟ್ಟು ಟೈ ಕಟ್ಟಿಕೊಂಡ ಮಾಮಾ ಅವುಗಳ ನಡುವೆ ನಡೆದುಹೋಗುವಾಗ ಊರೆಲ್ಲ ಅವನದೇ ಅನ್ನಿಸುತ್ತಿತ್ತು. ನನ್ನ ಹತ್ತನೆಯ ತರಗತಿ ಮುಗಿದ ಕೂಡಲೇ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಕೊಡಿಸಿದ. ಅದಾದ ಮೇಲೆ ಎಂಟ್ರೆನ್ಸು, ಕಂಪ್ಯೂಟರ್ ಇಂಜನೀರಿಂಗು, ಹೈಟೆಕ್ ಸಿಟಿಯಲ್ಲಿ ನೌಕರಿ. ಅವನು ಹೇಳುವಾಗ ಎಲ್ಲವೂ ಆಗಿಹೋಗಿದೆಯೇನೋ ಎಂಬಂತಿರುತ್ತಿತ್ತು. ಯಾರಾದರೂ ನನ್ನನ್ನು ಮುಂದೆ ಏನು ಮಾಡುತ್ತೀ ಎಂದು ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬೇರೆ ಉತ್ತರವಿರಬಹುದೆಂದು ನನಗೂ ಹೊಳೆದಿರಲಿಲ್ಲ.

ಮಾಮಾ ಸೇರಿಸಿದ ಕಾಲೇಜಿನಲ್ಲಿ ವಾರವಾರ ಪರೀಕ್ಷೆ. ಅಂಕಗಳ ಪ್ರಕಾರ ನಮ್ಮನ್ನು ಒಂದು ಸೆಕ್ಷನ್ನಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದರು. ಬ್ಯಾಗು ಎತ್ತಿಕೊಂಡು ಕಾರಿಡಾರಿನಲ್ಲಿ ನಡೆದುಹೋಗುವಾಗ ಯಾರು ಏರಿದರು, ಯಾರು ಇಳಿದರು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನು ಇಳಿಯುತ್ತ ಹೋದೆ. ಎರಡನೆಯ ವರ್ಷ ದಸರಾ ರಜೆ ಮುಗಿಯುವಷ್ಟರಲ್ಲಿ ಕೊನೆಯ ಸೆಕ್ಷನ್ನಿಗೆ ಬಂದಿದ್ದೆ. ಅಲ್ಲಿ ಯಾವ ಲೆಕ್ಚರರೂ ‘ಅರ್ಥವಾಯಿತೇ’ ಎಂದು ಕೇಳುತ್ತಿರಲಿಲ್ಲ. ಪಾಸಾಗಲು ಬೇಕಾದ ಪ್ರಶ್ನೆಗಳನ್ನು ಗುರುತು ಮಾಡಿಸಿ, ಬಾಯಿಪಾಠ ಮಾಡಿ ಎಂದು ಹೇಳಿ ಹೋಗುತ್ತಿದ್ದರು.

ಒಂದು ದಿನ ಕೊನೆಯ ಸೆಕ್ಷನ್ನಿನವರ ತಂದೆತಾಯಿಯರನ್ನು ಕರೆಸಿದರು. ಅವ್ವ ಅರ್ಧ ದಿನ ರಜೆ ಹಾಕಿ ಕಚೇರಿಯಿಂದ ನೇರವಾಗಿ ಬಂದಳು. ಪ್ರಿನ್ಸಿಪಾಲರ ಮೇಜಿನ ಮುಂದೆ ಎರಡು ಕುರ್ಚಿ ಖಾಲಿ ಇದ್ದವು. ಅವರು ಮೊದಲು ಇಂಗ್ಲಿಷಿನಲ್ಲಿ ಮಾತಾಡಿದರು. ಅವ್ವನಿಗೆ ತಿಳಿಯಲಿಲ್ಲವೆಂದು ಕಂಡ ಮೇಲೆ ತೆಲುಗಿನಲ್ಲಿ, ಕೂತುಕೊಳ್ಳಿ ಎಂದರು. ಅವ್ವ, ಇರಲಿ ಸಾರ್ ಎಂದು ಕುರ್ಚಿಯ ಬೆನ್ನ ಮೇಲೆ ಒಂದು ಕೈಯಿಟ್ಟು ನಿಂತೇ ಇದ್ದಳು. ನಿಮ್ಮ ಮಗಳು ಬುದ್ಧಿಯಿಲ್ಲದವಳೇನಲ್ಲ, ಆದರೆ ಈ ಓಟಕ್ಕೆ ಸಾಲದು ಎಂದು ಅವರು ಹೇಳುವಷ್ಟು ಹೊತ್ತೂ ನಿಂತೇ ಕೇಳಿದಳು. ಎಲ್ಲ ಮುಗಿದ ಮೇಲೆ ಅವರಿಗೆ ಕೈ ಮುಗಿದಳು. ಮೆಟ್ಟಿಲು ಇಳಿಯುವಾಗ ನಾನು ಕೇಳಿದೆ.

“ಕುರ್ಚಿ ಇತ್ತಲ್ಲ ಯವ್ವಾ, ಯಾಕ ಕೂಡಲಿಲ್ಲ?”

“ರೂಢಿ ತಪ್ಪೈತಿ ಮಗಳ,” ಎಂದಳು.

ಅವಳನ್ನು ಇನ್ನೂ ಒಬ್ಬ ಸಾಹೇಬನ ಮೇಜಿನ ಮುಂದೆ ನಿಲ್ಲಿಸಿದವಳು ನಾನು. ಬಸ್ ಸ್ಟಾಪಿನವರೆಗೂ ನನಗೆ ತಲೆಯೆತ್ತಲು ಆಗಲಿಲ್ಲ. ಅವಳು ಬಸ್ಸಿನ ನಂಬರು ನೋಡುತ್ತ ಕಾಲೇಜಿನ ಮಾತೇ ತೆಗೆಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಸಂಜೆಯ ಹೊತ್ತು ಮಾತ್ರ ಬೇರೆಯಾಗಿತ್ತು. ಆಗ ನಾನು ಅವ್ವನಿಗೆ ಗಣಿತ ಹೇಳಿಕೊಡುತ್ತಿದ್ದೆ. ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಅವಳ ಪುಸ್ತಕದ ವರ್ಗಮೂಲ, ಲಂಬಕೋನ, ಋಣ, ಧನ ಎಲ್ಲ ನನಗೆ ಹೊಸ ಶಬ್ದಗಳು. ಮೊದಲು ನಾನು ಓದಿ ತಿಳಿದುಕೊಂಡು ಆಮೇಲೆ ಅವಳಿಗೆ ಹೇಳಬೇಕಾಗಿತ್ತು. ಅವ್ವ ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಿದ್ದಳು. ನಮ್ಮ ಕಾಲೇಜಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು.

“ಋಣಕ್ಕ ಋಣ ಗುಣಿಸಿದ್ರ ಧನ ಆಗ್ತೈತಿ ಅಂತ ಬರದಾರ. ಯಾಕ ಆಗ್ತೈತಿ?”

“ಹಂಗ ರೂಲ್ ಐತಿ.”

“ರೂಲ್ ಮಾಡಿದವರಿಗೆ ಗೊತ್ತಿರಬೇಕಲ್ಲ ಯಾಕ ಅಂತ.”

ನಾನು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಅವಳನ್ನು ಎಬ್ಬಿಸಿ ಕೋಣೆಯ ನಡುವೆ ನಿಲ್ಲಿಸಿದೆ.

“ಬಾಗಿಲ ಕಡೆ ಮುಖ ಮಾಡು. ಋಣ ಅಂದ್ರ ಹಿಂದಕ ತಿರುಗೋದು. ತಿರುಗು.”

ಅವ್ವ ಸೆರಗು ಸಿಕ್ಕಿಸಿಕೊಂಡು ಗಂಭೀರವಾಗಿ ಹಿಂದಕ್ಕೆ ತಿರುಗಿದಳು.

“ಇನ್ನೊಮ್ಮೆ ಋಣ. ಮತ್ತ ತಿರುಗು. ಈಗ ಮುಖ ಯಾವ ಕಡೆ ಐತಿ?”

“ಬಾಗಿಲ ಕಡೆ,” ಎಂದವಳು ಹಾಗೆಯೇ ನಿಂತು ನಗತೊಡಗಿದಳು. “ಇಷ್ಟೇ ಏನು? ಇದಕ್ಕಾ ನಾ ಊರಾಗ ಮಾಸ್ತರ ಕೈಲೆ ಹೊಡಿಸಿಕೊಂಡಿದ್ದು?”

ನನಗೂ ಅದು ಅರ್ಥವಾದದ್ದು ಆಗಲೇ. ಹಗಲೆಲ್ಲ ಕೊನೆಯ ಸೆಕ್ಷನ್ನಿನಲ್ಲಿ ಮುದುಡಿ ಕೂತು ಬಂದವಳಿಗೆ ಸಂಜೆಯ ಆ ಹೊತ್ತು ಮಾತ್ರ ಉಸಿರಾಡಿದಂತಾಗುತ್ತಿತ್ತು. ಆದರೆ ಅದನ್ನು ನಾನು ಓದು ಎಂದೇ ಎಣಿಸಿರಲಿಲ್ಲ. ಅವ್ವನಿಗೆ ಮಾಡುವ ಸಹಾಯ, ನನ್ನ ನಿಜವಾದ ಓದಿನ ಹೊತ್ತನ್ನು ತಿನ್ನುವ ಕೆಲಸ ಎಂದೇ ಅಂದುಕೊಂಡಿದ್ದೆ. ಮಾಮಾ ಕೂಡ ಒಂದೆರಡು ಸಲ ಹಾಗೆಯೇ ಹೇಳಿದ್ದ. “ಅಕ್ಕಾ, ನಿಂದು ಮುಂದಿನ ವರ್ಷ ನೋಡೋಣ. ಈ ವರ್ಷ ಆಕೀದು ಮುಗೀಲಿ.” ಅವ್ವ ಪುಸ್ತಕ ಮುಚ್ಚಿಟ್ಟು, ಅವನು ಹೋದ ಮೇಲೆ ತೆರೆಯುತ್ತಿದ್ದಳು.

ಮಾರ್ಚಿನಲ್ಲಿ ನನ್ನ ಪರೀಕ್ಷೆ ಮುಗಿದ ಮೇಲೆ ಅವ್ವನದು ಶುರುವಾಯಿತು. ಮೊದಲ ದಿನ ನಾನೇ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಗೇಟಿನಲ್ಲಿದ್ದ ಮಾಸ್ತರರು ನನ್ನನ್ನು ಒಳಗೆ ಬಿಟ್ಟು ಅವ್ವನನ್ನು ತಡೆದರು. ಪೇರೆಂಟ್ಸಿಗೆ ಪ್ರವೇಶವಿಲ್ಲ ಎಂದರು. ಅವ್ವ ಹಾಲ್ ಟಿಕೆಟ್ ತೆಗೆದು ತೋರಿಸಿದಳು. ಸುತ್ತಲಿನ ಮಕ್ಕಳು ಕಿಸಕ್ಕೆಂದರು. ಅವ್ವನ ಮುಖ ಕುಂಕುಮದಂತಾಯಿತು. ಆದರೂ ಪೆನ್ನುಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು, ಯಾರ ಕಡೆಗೂ ನೋಡದೆ ಒಳಗೆ ಹೋದಳು. ಗಣಿತದ ದಿನ ಹೊರಬಂದಾಗ ಮಾತ್ರ ನಗುತ್ತಿದ್ದಳು. ಹಿಂದಿನ ಬೆಂಚಿನ ಹುಡುಗಿ ಪರೀಕ್ಷೆಯುದ್ದಕ್ಕೂ, ಆಂಟಿ, ಸ್ವಲ್ಪ ಸರೀರಿ, ಕಾಣವಲ್ದು ಎಂದು ಕಾಡಿದ್ದಳಂತೆ.

ನನ್ನ ಫಲಿತಾಂಶ ಮೊದಲು ಬಂತು. ಆಗ ಫಲಿತಾಂಶವೆಲ್ಲ ಹೊಸದಾಗಿ ಇಂಟರ್ನೆಟ್ಟಿನಲ್ಲಿ ಬರತೊಡಗಿತ್ತು. ಸ್ಟೇಷನ್ನಿನ ಎದುರಿನ ನೆಟ್ ಸೆಂಟರಿಗೆ ಮಾಮಾ ನನ್ನನ್ನು ಕರೆದುಕೊಂಡು ಹೋದ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂದಿತ್ತು. ಅಂಗಡಿಯವನು ಒಬ್ಬೊಬ್ಬರ ನಂಬರು ಟೈಪು ಮಾಡಿ, ಪರದೆಯ ಮೇಲೆ ಬಂದದ್ದನ್ನು ಬಸ್ ಕಂಡಕ್ಟರನು ಸ್ಟಾಪಿನ ಹೆಸರು ಕೂಗುವಂತೆ ಕೂಗುತ್ತಿದ್ದ. ನನ್ನ ಸರದಿ ಬಂತು. ಇಂಗ್ಲಿಷು, ಹಿಂದಿ, ಭೌತಶಾಸ್ತ್ರ ಎಲ್ಲ ಓದುತ್ತ ಬಂದವನು, “ಮ್ಯಾಥ್ಸ್ ಟೂ ಬಿ, ಫೇಲ್” ಎಂದ. ಗಣಿತದ ಎರಡನೆಯ ಪತ್ರಿಕೆ ಅದು.

ಮಾಮಾ ನಂಬಲಿಲ್ಲ. ನಂಬರು ತಪ್ಪಿರಬೇಕು, ಇನ್ನೊಮ್ಮೆ ನೋಡಿ ಎಂದ. ಅಂಗಡಿಯವನು ಇನ್ನೊಮ್ಮೆ ಟೈಪು ಮಾಡಿದ. ಹೆಸರನ್ನೂ ಸೇರಿಸಿ, ಮೊದಲಿಗಿಂತ ಜೋರಾಗಿ ಓದಿದ. ಸಾಲಿನಲ್ಲಿ ನನ್ನ ಕಾಲೇಜಿನ ಹುಡುಗಿಯರಿದ್ದರು. ಅವರು ನನ್ನನ್ನು ನೋಡದಂತೆ ಬೇರೆ ಕಡೆ ಮುಖ ಮಾಡಿದರು. ಅದು ಕೂಗಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಹೊರಗೆ ಬಂದು ಮಾಮಾ ಸ್ವಲ್ಪ ದೂರ ಮುಂದೆ ಮುಂದೆ ನಡೆದ. ಆಮೇಲೆ ನಿಂತು ಕಬ್ಬಿನ ಹಾಲು ಕೊಡಿಸಿದ. “ಕುಡಿ,” ಎಂದ. ಗ್ಲಾಸು ಹಿಡಿದುಕೊಂಡು ನಿಂತೆ. ಫೇಲಾದವಳು ರಸ್ತೆಯಲ್ಲಿ ನಿಂತು ಕಬ್ಬಿನ ಹಾಲು ಕುಡಿಯುತ್ತಿದ್ದಾಳೆ ಎಂದು ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿ, ತುಂಬಿದ ಗ್ಲಾಸನ್ನು ಹಾಗೆಯೇ ಗಾಡಿಯ ಮೇಲಿಟ್ಟೆ.

ಮನೆಗೆ ಬಂದು ಅವ್ವನಿಗೆ ಹೇಗೆ ಹೇಳಬೇಕೆಂದು ಸಂಜೆಯವರೆಗೆ ಶಬ್ದ ಹೊಂದಿಸುತ್ತ ಕೂತೆ. ಹೇಳುವ ಪ್ರಸಂಗವೇ ಬರಲಿಲ್ಲ. ಬೆಳಿಗ್ಗೆ ಹೋಗುವಾಗ ಅವಳು ನನ್ನ ಹಾಲ್ ಟಿಕೆಟ್ ನಂಬರನ್ನು ಬರೆದುಕೊಂಡು ಹೋಗಿದ್ದಳು. ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಅಪ್ಪನ ಗೆಳೆಯರೆಲ್ಲ ಸೇರಿ ಅದನ್ನು ನೋಡಿದ್ದರು. ಅವ್ವನನ್ನೂ ಒಳಗೆ ಕರೆದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟು ಅವಳು ನೋಡಿದ್ದು ನನ್ನ ಫೇಲನ್ನು.

“ಅಲ್ಲೇ ನೋಡಿದ್ವಿ,” ಎಂದಳು. ಮತ್ತೆ, “ಅನ್ನಕ್ಕ ಇಡ್ತೀನಿ, ಮುಖ ತೊಳಕೋ,” ಎಂದಳು.

ಆ ಬೇಸಿಗೆ ನಾನು ಗಲ್ಲಿಗೆ ಇಳಿಯಲಿಲ್ಲ. ಹಿತ್ತಿಲ ನಳದಲ್ಲಿ ನೀರು ಬಂದಾಗಲೂ ಎಲ್ಲರೂ ತುಂಬಿಕೊಂಡು ಹೋದ ಮೇಲೆ ಹೋಗುತ್ತಿದ್ದೆ, ಅಷ್ಟರಲ್ಲಿ ನೀರು ನಿಂತಿರುತ್ತಿತ್ತು. ಪೇಪರಿನಲ್ಲಿ ಮುಖಪುಟದ ತುಂಬ ರ್‍ಯಾಂಕು ಬಂದವರ ಪಾಸ್‌ಪೋರ್ಟ್ ಫೋಟೋಗಳು. ಮಾಮಾ ಬಂದಾಗಲೆಲ್ಲ ಹೊಸ ಯೋಜನೆ ತರುತ್ತಿದ್ದ. ಸಪ್ಲಿಮೆಂಟರಿ ಕಟ್ಟು, ಆಮೇಲೆ ಒಂದು ವರ್ಷ ಕೋಚಿಂಗು, ಮತ್ತೆ ಎಂಟ್ರೆನ್ಸು. ನಾನು ಹೂಂ ಎನ್ನುತ್ತಿದ್ದೆ. ಫೇಲಾದವಳಿಗೆ ಊಹೂಂ ಎನ್ನುವ ಹಕ್ಕಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಹಾಗೆ ತಿಳಿದಿದ್ದೆ.

ಒಂದು ದಿನ ಗಲ್ಲಿಯಲ್ಲಿ ಪಟಾಕಿ ಹಾರಿತು. ಹತ್ತನೆಯ ತರಗತಿಯ ಫಲಿತಾಂಶ ಬಂದಿದೆ ಎಂದು ತಿಳಿಯಿತು. ಸಂಜೆ ಅವ್ವನನ್ನು ಕೇಳಿದೆ.

“ನಮ್ಮಂಥವರದು ತಡಾ ಐತಂತ. ಹೊರಗಿನಿಂದ ಕಟ್ಟಿದವರದು ಆಮ್ಯಾಲೆ ಬರ್ತೈತಿ,” ಎಂದಳು. ನಾನು ನಂಬಿದೆ.

ಒಂದು ವಾರ ಕಳೆದಿರಬೇಕು. ಅವ್ವನ ಜೊತೆ ಕೆಲಸ ಮಾಡುವ ಇನ್ನೊಬ್ಬ ಅಟೆಂಡರ್, ನಾವು ಆಪಾ ಎಂದು ಕರೆಯುತ್ತಿದ್ದವರು, ಭಾನುವಾರ ಮಧ್ಯಾಹ್ನ ಮನೆಗೆ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಒಳಗೆ ಅವರೇ ಏಪ್ರಿಕಾಟ್ ಹಣ್ಣು ಬೇಯಿಸಿ ಮಾಡಿದ ಸಿಹಿ, ಖುಬಾನಿ ಕಾ ಮೀಠಾ. ಅವ್ವ ಒಳಗೆ ಚಹಾ ಮಾಡುತ್ತಿದ್ದಳು. ಆಪಾ ಫ್ಯಾನಿನ ಕೆಳಗೆ ಕೂತು ಬುರ್ಖಾ ಸಡಿಲಿಸುತ್ತ ನನ್ನನ್ನು ಬೈದರು.

“ಕ್ಯಾ ಬೇಟಿ, ಅಮ್ಮಾ ಪಾಸ್ ಹೋಕೆ ಹಫ್ತಾ ಹೋಗಯಾ. ತುಮ್ ಲೋಗಾಂ ಮೀಠಾ ಭೀ ನೈ ಖಿಲಾಯೇ. ಮೈ ಚ್ ಲೇಕೇ ಆಯೀ.”

ಅಮ್ಮ ಪಾಸಾಗಿ ವಾರವಾಯಿತು, ನೀವಾಗಿ ಸಿಹಿ ತಿನ್ನಿಸಲಿಲ್ಲ, ಅದಕ್ಕೇ ನಾನೇ ತಂದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಾಗಿಲಿಗೆ ಬಂದ ಅವ್ವನ ಮುಖದಲ್ಲಿ ಕದ್ದು ಸಿಕ್ಕಿಬಿದ್ದವರ ಕಳೆ ಇತ್ತು. ಪಾಸಾದವಳು ಅವಳು, ಅಪರಾಧಿಯ ಹಾಗೆ ನಿಂತವಳೂ ಅವಳೇ.

ಆಪಾ ಹೋಗುವವರೆಗೆ ನಾನು ಹೇಗೋ ನಕ್ಕೆ. ಹೋದ ಮೇಲೆ ಕೇಳಿದೆ.

“ಯಾಕ ಹೇಳಲಿಲ್ಲ?”

“ನಿನ್ನ ಸಪ್ಲಿಮೆಂಟರಿ ಆಗ್ಲಿ, ಇಬ್ಬರದೂ ಕೂಡೇ ಹೇಳಿದ್ರಾತು ಅಂದೆ. ಏನು ಅವಸರ ಐತಿ ನಂದು?”

“ಇಪ್ಪತ್ತು ವರ್ಷ ಆದ ಮ್ಯಾಲೆ ಪಾಸಾಗೀದಿ ಯವ್ವಾ.”

“ಆಗೀನಿ. ಯಾರು ಕಸಗೋತಾರ?” ಎಂದು ಡಬ್ಬಿ ತೆರೆದಳು. ನನಗೊಂದು ಬಟ್ಟಲಿಗೆ ಹಾಕಿ ಕೊಟ್ಟಳು. ಅವಳು ತಿನ್ನಲಿಲ್ಲ, ನಾನು ತಿನ್ನುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಳು.

ನೆಟ್ ಸೆಂಟರಿನಲ್ಲಿ ನಾಚಿಕೆಯಾಗಿತ್ತು, ಕಾಲೇಜಿನಲ್ಲಿ ಆಗಿತ್ತು. ಅವೆಲ್ಲ ಹೊರಗಿನವರ ಎದುರು ಆದದ್ದು. ಇದು ಮೂಳೆಗೆ ಇಳಿಯಿತು. ನನ್ನ ಮುಂದೆ ಸಂತೋಷಪಡಲು ನನ್ನವ್ವನೇ ಹೆದರಿದ್ದಳು. ಆ ಏಳೆಂಟು ದಿನ ಅವಳು ಎಂದಿನಂತೆ ಕಸ ಗುಡಿಸಿದ್ದಳು, ರೊಟ್ಟಿ ಬಡಿದಿದ್ದಳು, ಬಸ್ಸು ಹಿಡಿದು ಹೋಗಿ ಬಂದಿದ್ದಳು. ಒಳಗೆ ಅಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು, ಬಾಯಿ ತಪ್ಪಿ ಎಲ್ಲಿ ಹೊರಬೀಳುತ್ತದೋ ಎಂದು ನನ್ನ ಮುಖ ನೋಡಿ ಮಾತಾಡಿದ್ದಳು.

“ಗಣಿತದಾಗ ಎಷ್ಟು ಬಂದಾವು?” ಎಂದು ಕೇಳಿದೆ.

“ಅದರಾಗೇ ಎಲ್ಲಾದಕ್ಕಿಂತ ಹೆಚ್ಚು,” ಎಂದಳು, ಬಹಳ ಸಣ್ಣ ದನಿಯಲ್ಲಿ.

ನಾನು ಡಬ್ಬಿ ತೆಗೆದುಕೊಂಡು ಎದ್ದೆ. ಎಷ್ಟೋ ವಾರಗಳ ಮೇಲೆ ಗಲ್ಲಿಗಿಳಿದೆ. ಮನೆ ಮಾಲಕಿಗೆ, ಎದುರುಮನೆಯವರಿಗೆ, ಮೂಲೆಯ ಇಸ್ತ್ರಿ ಅಂಗಡಿಯವನಿಗೆ, ನಮ್ಮವ್ವ ಹತ್ತನೆಯದು ಪಾಸಾದಳು ಎಂದು ಹೇಳಿ ಚಮಚೆ ಚಮಚೆ ಸಿಹಿ ಹಾಕಿದೆ. ಎಲ್ಲರೂ ಸಂತೋಷಪಟ್ಟರು. ಪಟ್ಟ ಮೇಲೆ ಎಲ್ಲರೂ, “ಮತ್ತೆ ನಿಂದು?” ಎಂದು ಕೇಳಿದರು. ಒಂದೊಂದು ಬಾಗಿಲಲ್ಲೂ ನಾನು, ಒಂದು ಉಳಿದಿದೆ ಎಂದು ಹೇಳಬೇಕಾಯಿತು. ಹೇಳಿ ಹೇಳಿ ಅಭ್ಯಾಸವಾಗಲಿಲ್ಲ. ಕೊನೆಯ ಬಾಗಿಲಲ್ಲೂ ಮೊದಲಿನಷ್ಟೇ ಕಷ್ಟವಾಯಿತು.

ಸಪ್ಲಿಮೆಂಟರಿಗೆ ನಾನು ಬಾಯಿಪಾಠ ಮಾಡಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲಲ್ಲಿ ಕೂತು ಒಂದೊಂದು ಲೆಕ್ಕವನ್ನೂ ಕನ್ನಡದಲ್ಲಿ ಅವಳಿಗೆ ಬಿಡಿಸಿ ಹೇಳಿದೆ. ಅವಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ನಾನು ತಿಳಿಯದೆ ಹೇಳುತ್ತಿದ್ದಾಗ ನನ್ನ ದನಿ ಬದಲಾಗುತ್ತಿತ್ತೋ ಏನೋ, ಅಲ್ಲಿಯೇ ತಡೆದು, “ಯಾಕ?” ಎನ್ನುತ್ತಿದ್ದಳು. ಪಾಸಾದೆ. ಹೇಳಿಕೊಳ್ಳುವಂಥ ಅಂಕಗಳೇನಲ್ಲ. ಎಂಟ್ರೆನ್ಸಿನ ರ್‍ಯಾಂಕು ಯಾವ ಕಾಲೇಜಿಗೂ ಸಾಲದಷ್ಟು ದೂರವಿತ್ತು.

ಮಾಮಾ ಕೋಚಿಂಗಿಗೆ ಸೇರಿಸಲು ಬಂದ ದಿನ ಹೇಳಿದೆ. “ಮಾಮಾ, ನಾ ಕೋಚಿಂಗಿಗೆ ಹೋಗಂಗಿಲ್ಲ. ಬಿಎಸ್ಸಿ ಮಾಡ್ತೀನಿ. ಗಣಿತ. ಆಮ್ಯಾಲೆ ಬಿಎಡ್. ಸಾಲ್ಯಾಗ ಕಲಸ್ತೀನಿ.”

ಅವನು ನಕ್ಕ. ಕೆಟ್ಟ ಮನಸ್ಸಿನಿಂದಲ್ಲ, ತಡೆಯಲಾಗದೆ. “ಊರಿನ ಮಂದಿ ಎಲ್ಲಾ ಕಂಪ್ಯೂಟರ್ ಕಡೆ ಓಡಾಕತ್ತಾರ. ನೀ ನೋಡಿದ್ರ ಫೇಲಾದ ಸಬ್ಜೆಕ್ಟನ್ನ ಮಕ್ಕಳಿಗೆ ಕಲಸ್ತೀನಿ ಅಂತಿ. ಯಾರು ಕಲೀತಾರ ನಿನ್ನ ಕಡೆ?”

ಅವನು ಹೇಳಿದ್ದು ನಿಜವೇ ಎಂದು ನನಗೂ ಅನ್ನಿಸಿತು. ನೆಲ ನೋಡುತ್ತ ಕೂತೆ.

“ನಾ ಕಲ್ತೀನಲ್ಲ,” ಎಂದಳು ಅವ್ವ.

ಮಾಮಾ ಅಕ್ಕನ ಮುಖ ನೋಡಿದ. “ಆತು,” ಎಂದ. ಮರುವಾರ ಕೋಠಿಯ ಬಳಿಯ ಡಿಗ್ರಿ ಕಾಲೇಜಿನಲ್ಲಿ ಸೇರುವ ದಿನ ಅವನೇ ಜೊತೆಗೆ ಬಂದ, ಸಾಲಿನಲ್ಲಿ ನನಗಾಗಿ ನಿಂತ. ಆದರೆ ನೆಂಟರ ಮದುವೆಗಳಲ್ಲಿ ಯಾರಾದರೂ ಕೇಳಿದರೆ, ಕಂಪ್ಯೂಟರ್ ಬಿಎಸ್ಸಿ ಎಂದು ಹೇಳುತ್ತಿದ್ದ. ಪಕ್ಕದಲ್ಲಿ ನಿಂತ ನನಗೆ ಕಿವಿ ಬಿಸಿಯಾಗುತ್ತಿತ್ತು. ನನ್ನ ಓದನ್ನು ಅವನು ಮುಚ್ಚಿಡಬೇಕಾಗಿದೆಯಲ್ಲ ಎಂದು ನಾಚಿಕೆ, ಮುಚ್ಚಿಟ್ಟಿದ್ದರಿಂದ ಹಗುರಾಯಿತಲ್ಲ ಎಂದು ಮತ್ತೊಂದು ನಾಚಿಕೆ.

ಅವ್ವನಿಗೆ ಬಡ್ತಿ ತಕ್ಷಣ ಬರಲಿಲ್ಲ. ಬರುವಷ್ಟರಲ್ಲಿ ನನ್ನ ಡಿಗ್ರಿ ಮುಗಿದಿತ್ತು, ಅವಳನ್ನು ಬೇರೆ ಕಚೇರಿಗೆ ಹಾಕಿದ್ದರು. ನಾನು ಬಿಎಡ್ ಮಾಡಿ ಮೇಷ್ಟರ ಕೆಲಸಕ್ಕೆ ಸೇರಿದೆ. ಇಂದಿಗೂ ಅದೇ ಕೆಲಸ.

ಡಿಗ್ರಿಯ ಮೊದಲ ತಿಂಗಳಲ್ಲಿ ಒಂದು ಸಂಜೆ ಕೋಠಿಯಲ್ಲಿ ಬಸ್ಸು ಹತ್ತಿದಾಗ, ಇಂಟರ್‌ಮೀಡಿಯಟ್‌ನಲ್ಲಿ ಮೊದಲ ಸೆಕ್ಷನ್ನಿನಲ್ಲಿದ್ದ ಹುಡುಗಿಯೊಬ್ಬಳು ಸಿಕ್ಕಳು. ಕೊರಳಲ್ಲಿ ಇಂಜನೀರಿಂಗ್ ಕಾಲೇಜಿನ ಗುರುತಿನ ಚೀಟಿ. ನಾನು ಬಿಎಸ್ಸಿ ಎಂದ ಕೂಡಲೇ ಅವಳು ಮರುಕದಿಂದ, “ಇಂಜನೀರಿಂಗ್ ರಾಲೇದಾ?” ಎಂದಳು. ಸೀಟು ಬರಲಿಲ್ಲವಾ ಎಂದು. ಬರಲಿಲ್ಲ ಎಂದು ಅಲ್ಲಿಗೆ ಬಿಡಬಹುದಿತ್ತು.

“ಗಣಿತದಲ್ಲಿ ಫೇಲಾಗಿದ್ದೆ. ಆಮೇಲೆ ಕಟ್ಟಿ ಪಾಸಾದೆ. ಈಗ ಅದನ್ನೇ ಓದುತ್ತಿದ್ದೇನೆ,” ಎಂದು ತೆಲುಗಿನಲ್ಲಿ ಹೇಳಿದೆ. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಮುಖವೆಲ್ಲ ಉರಿಯುತ್ತಿತ್ತು. ಆದರೂ ಕೂತೆ, ಮತ್ತು ಕಾಚಿಗೂಡ ಬರುವವರೆಗೆ ಅವಳ ಕಾಲೇಜು ಹೇಗಿದೆ ಎಂದು ಕೇಳುತ್ತ ಹೋದೆ.